ಒಂದೇ ಗೆರೆ

ನಾನು ಆ ಊರಿಗೆ ಹೋದಾಗ ಇನ್ನೂರ ಹನ್ನೊಂದು ಮನೆಗಳು ನನ್ನ ಜೊತೆ ಮಾತಾಡುತ್ತಿದ್ದವು. ನಾಲ್ಕನೆಯ ವರ್ಷದ ಸಂಕ್ರಾಂತಿಯ ಹೊತ್ತಿಗೆ ಉಳಿದದ್ದು ಒಂದೇ ಮನೆ.

ನನ್ನ ಕೆಲಸ ಕಾಳು ಪರೀಕ್ಷೆ ಮಾಡುವುದು. ಹೊಲದಿಂದ ಮನೆಗೆ ಬಂದ ಜೋಳ, ಮೆಕ್ಕೆಜೋಳ, ಶೇಂಗಾ ಏನೇ ಇರಲಿ, ಒಲೆಗೋ ಗೋದಲಿಗೋ ಹೋಗುವ ಮುಂಚೆ ಅದು ನನ್ನ ಮೇಜಿಗೆ ಬರಬೇಕಿತ್ತು. ಬೂಷ್ಟು ಹಿಡಿದ ಕಾಳಿನಲ್ಲಿ ಒಂದು ವಿಷ ಹುಟ್ಟುತ್ತದೆ. ಅಫ್ಲಾಟಾಕ್ಸಿನ್ ಅಂತ ಅದರ ಹೆಸರು. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ, ಕುದಿಸಿದರೂ ಸಾಯುವುದಿಲ್ಲ. ಒಂದೇ ದಿನದಲ್ಲಿ ಏನೂ ಮಾಡುವುದಿಲ್ಲ, ವರ್ಷಗಟ್ಟಲೆ ಪಿತ್ತಜನಕಾಂಗದಲ್ಲಿ ಕೂತು ಕೆಲಸ ಮಾಡುತ್ತದೆ. ಇಡೀ ಚೀಲ ಚೆನ್ನಾಗಿದ್ದು ಹತ್ತು ಕಾಳು ಕೆಟ್ಟಿರಬಹುದು. ಆದ್ದರಿಂದ ಚೀಲದ ಹತ್ತು ಕಡೆ ಕೊಳವೆ ಚುಚ್ಚಿ ಕಾಳು ತೆಗೆದು, ಬೀಸಿ, ಔಷಧದ ನೀರಿನಲ್ಲಿ ಕಲಕಿ ಸೋಸಿ, ಅದರಲ್ಲಿ ಬೆರಳುದ್ದದ ಕಾಗದದ ಪಟ್ಟಿ ಅದ್ದುತ್ತಿದ್ದೆ. ಪಟ್ಟಿಯ ಮೇಲೆ ಎರಡು ಕೆಂಪು ಗೆರೆ ಮೂಡಿದರೆ ಕಾಳು ಒಳ್ಳೆಯದು. ಒಂದೇ ಗೆರೆ ಮೂಡಿದರೆ ಬೇಡ.

ಬೇಡ ಎಂದು ಚೀಟಿ ಬರೆದು ಕೊಟ್ಟ ಮೇಲೆ ಆ ಮನೆಯವರು ಮುಂದಿನ ಸುಗ್ಗಿಯ ಮೊದಲ ಗಾಡಿ ಊರೊಳಗೆ ಬರುವವರೆಗೆ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಸಿಟ್ಟಿಗಲ್ಲ. ಸೂತಕದ ಮನೆಯವರು ಗುಡಿಯ ಮೆಟ್ಟಿಲು ಹತ್ತದಿರುವ ಹಾಗೆ, ಅಷ್ಟೆ. ಎದುರು ಸಿಕ್ಕರೆ ನಗುತ್ತಿದ್ದರು. ನಾನು ಜ್ವರ ಬಂದು ಮಲಗಿದಾಗ ಯಾರೋ ಗಂಜಿ ತಂದು ಹೊಸ್ತಿಲಲ್ಲಿ ಇಟ್ಟು ಹೋಗಿದ್ದರು. ಮಾತು ಮಾತ್ರ ಇಲ್ಲ.

ನನಗಿಂತ ಮುಂಚೆ ಅಲ್ಲಿದ್ದ ಪರೀಕ್ಷಕರು ಬೀಗದ ಕೈ ಕೊಡುವಾಗ ಕೆಲಸದ ಬಗ್ಗೆ ಏನೂ ಹೇಳಿರಲಿಲ್ಲ. "ಒಂದು ರೇಡಿಯೋ ತಗೊಳ್ಳಿ" ಎಂದಷ್ಟೇ ಹೇಳಿ ವ್ಯಾನು ಹತ್ತಿದ್ದರು. ಮೊದಲ ಮೂರು ವರ್ಷ ಅವರ ಮಾತಿನ ಅರ್ಥ ನನಗೆ ಆಗಲಿಲ್ಲ. ವರ್ಷಕ್ಕೆ ಏಳೆಂಟು ಮನೆ, ಹೆಚ್ಚೆಂದರೆ ಹದಿನೈದು ಮನೆ ಸುಮ್ಮನಾಗುತ್ತಿದ್ದವು. ಉಳಿದವರು ಆ ಕೊರತೆಯನ್ನೂ ಸೇರಿಸಿ ಮಾತಾಡುತ್ತಿದ್ದರು. ನನಗೆ ಆಗ ನಲವತ್ತೊಂದು ವರ್ಷ. ಮದುವೆಯಾಗಿರಲಿಲ್ಲ, ಅಮ್ಮ ತೀರಿಕೊಂಡಿದ್ದಳು, ಊರು ಅಂತ ಹೇಳಿಕೊಳ್ಳಲು ಅಣ್ಣನ ಮನೆಯ ವಿಳಾಸವೊಂದಿತ್ತು. ಆ ಬೀದಿಗಳಲ್ಲಿ "ಉಂಡ್ರೇನ್ರಿ ಬಾಯಾರ?" ಎಂದು ಯಾರಾದರೂ ಕೇಳಿದರೆ ನನಗೆ ಅಷ್ಟೇ ಸಾಕಿತ್ತು.

ನಾಲ್ಕನೆಯ ವರ್ಷ ಕಾರ್ತಿಕದಲ್ಲಿ ಒಂಬತ್ತು ದಿನ ಬಿಡದೆ ಮಳೆ ಹೊಡೆಯಿತು. ಕಿತ್ತು ಹಾಕಿದ ಶೇಂಗಾ ಹೊಲದಲ್ಲೇ ನೆನೆಯಿತು, ಮೆಕ್ಕೆಜೋಳದ ತೆನೆ ಗಿಡದ ಮೇಲೇ ಕಪ್ಪಾಯಿತು. ಮಳೆ ನಿಂತ ಮೇಲೆ ಜನ ರಸ್ತೆಯ ಮೇಲೆ, ಮಾಳಿಗೆಯ ಮೇಲೆ, ಹಾಸಿಗೆಯ ಚಾದರದ ಮೇಲೆ ಕೂಡ ಕಾಳು ಹರವಿ ಒಣಗಿಸಿದರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಬಾಗಿಲಿಗೆ ಬಂದರು.

ಬಂದವರಿಗೆ ಏನಾಗಲಿದೆ ಎಂದು ಗೊತ್ತಿತ್ತು. ಆದ್ದರಿಂದ ಚೀಟಿಗೆ ಮುಂಚೆಯೇ ಹೇಳುವುದನ್ನು ಹೇಳಿ ಮುಗಿಸುತ್ತಿದ್ದರು. ಬಟ್ಟೆ ಹೊಲಿಯುವ ಖಾಜಾಬಿ ನಾನು ಪಟ್ಟಿ ಅದ್ದುವುದನ್ನು ನೋಡುತ್ತಲೇ ಟೇಪು ತೆಗೆದಳು. "ಜಂಪರ ಹೊಲಿಸೂದಿದ್ರ ಈಗ ಅಳತಿ ಕೊಟ್ಟಬಿಡ್ರಿ ಬಾಯಾರ. ಆಮ್ಯಾಲ ಬಿಗಿ ಆತೋ ಸಡ್ಲ ಆತೋ ಅಂತ ನಾ ಕೇಳಾಕ ಬರೂದಿಲ್ಲ." ಎರಡು ರವಿಕೆಗೆ ಅಳತೆ ಕೊಟ್ಟೆ. ಅವಳ ಚೀಟಿ ಬರೆದೆ. ಕಿರಾಣಿ ಅಂಗಡಿಯ ಮುರಿಗೆಪ್ಪ ತನ್ನ ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೋದವನು, ಒಂದೆರಡು ವಾರ ನಾನು ಅಂಗಡಿಗೆ ಹೋದಾಗಲೆಲ್ಲ ತಕ್ಕಡಿಯ ಹತ್ತಿರ ಮಲಗಿದ ಬೆಕ್ಕಿಗೆ ಸುದ್ದಿ ಹೇಳುತ್ತಿದ್ದ. "ಸಕ್ಕರಿ ನಾಳಿ ಬರ್ತೈತಂತ, ಕೇಳಿದೇನ? ಬೇಕಾದವ್ರು ನಾಳಿ ಬರ್ಬೇಕು." ಆಮೇಲೆ ಬೇರೆ ಗಿರಾಕಿಗಳು ನೋಡತೊಡಗಿದರು. ಅವನು ಬೆಕ್ಕಿನ ಜೊತೆಗೂ ಮಾತು ಬಿಟ್ಟ. ನಾನು ಬೆರಳು ತೋರಿಸಿದ್ದನ್ನು ತೂಗಿ ಕೊಡುತ್ತಿದ್ದ.

ಹೀಗೆ ಸಂಕ್ರಾಂತಿಯ ಹೊತ್ತಿಗೆ ಉಳಿದದ್ದು ನೀಲಗಂಗವ್ವನ ಮನೆ. ಆಕೆಗೆ ಹೊಲವಿರಲಿಲ್ಲ, ಆದ್ದರಿಂದ ಬೇಡ ಅನ್ನಿಸಿಕೊಳ್ಳಲು ಕಾಳೂ ಇರಲಿಲ್ಲ. ಹನ್ನೊಂದು ಎಮ್ಮೆ ಕಟ್ಟಿದ್ದಳು. ಅರವತ್ತರ ಹತ್ತಿರದ ವಯಸ್ಸು, ಗಂಡ ಹೋಗಿ ಹತ್ತು ವರ್ಷವಾಗಿತ್ತು, ಮಗಳನ್ನು ಗುಡ್ಡದ ಆಚೆ ಕೊಟ್ಟಿದ್ದಳು. ಬೆಳಿಗ್ಗೆ ಬಾಲವಾಡಿಯ ನಲವತ್ತಮೂರು ಮಕ್ಕಳಿಗೆ ಹಾಲು ಹಾಕುವ ಮುಂಚೆ ನನಗೆ ಅರ್ಧ ಲೀಟರು ತರುತ್ತಿದ್ದಳು. ಪರೀಕ್ಷೆಯ ಕೋಣೆಯ ಬಾಗಿಲಿಗೆ ಒರಗಿ ನಿಂತು ಶುರು ಮಾಡುತ್ತಿದ್ದಳು.

"ಏ ತಂಗಿ, ನಿನ್ನ ಸ್ಟೋ ಬತ್ತಿ ಕತ್ತರಿಸವಾ, ಓಣಿ ತುಂಬ ಹೊಗಿ ವಾಸನಿ. ನೀ ಅಡಗಿ ಮಾಡ್ತಿಯೋ ಏನ್ ಸೊಳ್ಳಿ ಓಡಸ್ತಿಯೋ?"

ಎಮ್ಮೆಗಳ ಜಗಳ, ಮಗಳ ಅತ್ತೆಯ ಕಿವುಡು, ಗಂಡ ಬದುಕಿದ್ದಾಗ ರೊಟ್ಟಿಯ ಕರಕಲು ಅಂಚನ್ನೇ ಮೊದಲು ಮುರಿದು ತಿನ್ನುತ್ತಿದ್ದದ್ದು, ಎಲ್ಲ ಹೇಳುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಿದ್ದಳು. ನಾನು ಆಕೆಯ ಚಪ್ಪಲಿಯ ಸದ್ದಿಗೆ ಅರ್ಧ ಗಂಟೆ ಮುಂಚೆಯೇ ಕಿವಿ ಕೊಟ್ಟು ಕೂತಿರುತ್ತಿದ್ದೆ. ಆಕೆ ಹೋದ ಮೇಲೆ ಇಡೀ ದಿನ ನನ್ನ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಗುರುವಾರದ ವ್ಯಾನಿನವನು ಬಂದಾಗ "ಇಲ್ಲೊಂದು ಸಹಿ" ಅನ್ನುತ್ತಿದ್ದ. ಅದಕ್ಕೆ "ಹೂಂ" ಎಂದರೂ ನನ್ನ ದನಿ ಬೇರೆ ಯಾರದ್ದೋ ಹಾಗೆ ಒಡೆದು ಬರುತ್ತಿತ್ತು.

ಮಾಘದ ಒಂದು ಬೆಳಿಗ್ಗೆ ಆಕೆ ಹಾಲು ಸುರಿಯುತ್ತ ಅಂದಳು, "ಚಿಕ್ಕಿ ಎರಡ ದಿನದಿಂದ ಹಿಂಡಿ ಮೂಸಿ ಬಿಡಾಕತ್ತೈತಿ. ಹಾಲೂ ಇಳದೈತಿ. ಹೊಸಾ ಹಿಂಡಿ ನೋಡು, ಬಾಯಿಗೆ ಹಿಡಸವಲ್ದು ಅನಸ್ತೈತಿ."

ಚಿಕ್ಕಿ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಎಮ್ಮೆ. ಹಿಂಡಿ ಎಂದ ಕೂಡಲೆ ನನಗೆ ಊರಾಚೆಯ ಗುಂಡಿ ನೆನಪಾಯಿತು. ಬೇಡವೆಂದ ಕಾಳನ್ನೆಲ್ಲ ಅಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಆ ವರ್ಷ ನಾನು ಬೇಡವೆಂದ ಶೇಂಗಾದ ಲೆಕ್ಕಕ್ಕೆ ಗುಂಡಿ ತುಂಬಿ ಉಕ್ಕಬೇಕಿತ್ತು. ಅದು ಅರ್ಧವೂ ತುಂಬಿರಲಿಲ್ಲ. ಉಳಿದದ್ದು ಗುಡ್ಡದ ಆಚೆಯ ಗಾಣಕ್ಕೆ ಹೋಗಿದೆ ಎಂದು ನನಗೆ ಅನುಮಾನವಿತ್ತು. ಬೆಳೆ ಕಳೆದುಕೊಂಡವರು, ಏನು ಮಾಡಿಯಾರು ಎಂದು ಸುಮ್ಮನಿದ್ದೆ. ಗಾಣದಲ್ಲಿ ಎಣ್ಣೆ ಹಿಂಡಿದ ಮೇಲೆ ವಿಷವೆಲ್ಲ ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ಎಮ್ಮೆಯ ಹೊಟ್ಟೆಗೆ ಹೋದ ಒಂದೆರಡು ದಿನದಲ್ಲಿ ಹಾಲಿಗೆ ಇಳಿಯುತ್ತದೆ. ಹಿಂಡಿ ಯಾರ ಮನೆಯ ಬೆಳೆಯೂ ಅಲ್ಲವಾದ್ದರಿಂದ ಅದನ್ನು ನನ್ನ ಮೇಜಿಗೆ ತರುವ ರೂಢಿ ಇರಲಿಲ್ಲ.

"ಒಂದು ಬೊಗಸೆ ಹಿಂಡಿ ತನ್ನಿ ಅಕ್ಕಾ" ಅನ್ನಬೇಕಿತ್ತು. "ಹವಾ ಬದಲಾಗಿದೆಯಲ್ಲ, ಅದಕ್ಕಿರಬೇಕು" ಅಂದೆ.

ಆಕೆ ಹೋದ ಮೇಲೆ ನನಗೆ ಕೊಟ್ಟ ಹಾಲಿನಲ್ಲೇ ಪಟ್ಟಿ ಅದ್ದಿದೆ. ಹಾಲಿಗೆ ಬೇರೆ ಪಟ್ಟಿಗಳಿದ್ದವು, ಪೆಟ್ಟಿಗೆ ಒಡೆದಿರಲಿಲ್ಲ. ಒಂದೇ ಗೆರೆ ಮೂಡಿತು. ಕೈ ತೊಳೆದುಕೊಂಡು ಇನ್ನೊಂದು ಅದ್ದಿದೆ. ಮತ್ತೆ ಒಂದೇ ಗೆರೆ.

ಆಗ ಎದ್ದು ಹೋಗಬೇಕಿತ್ತು. ಬಾಲವಾಡಿ ನನ್ನ ಕೋಣೆಯಿಂದ ಐದು ನಿಮಿಷದ ದಾರಿ. ಹತ್ತು ಗಂಟೆಗೆ ಮಕ್ಕಳು ಸ್ಟೀಲಿನ ಲೋಟ ಬಡಿಯುವ ಸದ್ದು ಕಿಟಕಿಗೆ ಕೇಳಿಸುತ್ತಿತ್ತು. ನಾನು ಪಟ್ಟಿಯ ಪೆಟ್ಟಿಗೆಯ ಮೇಲಿನ ತಾರೀಖು ಓದುತ್ತ ಕೂತೆ. ಹಳೆಯದಾಗಿರಬಹುದು ಅಂದುಕೊಂಡೆ. ಅವಧಿ ಮುಗಿಯಲು ಇನ್ನೂ ಎಂಟು ತಿಂಗಳಿತ್ತು. ದೊಡ್ಡ ಪ್ರಯೋಗಾಲಯದಲ್ಲಿ ಖಚಿತ ಮಾಡಿಸದೆ ಇಷ್ಟು ದೊಡ್ಡ ಮಾತು ಹೇಳಬಾರದು ಅಂದುಕೊಂಡೆ. ಒಂದು ಸಣ್ಣ ಸೀಸೆಯಲ್ಲಿ ಹಾಲು ತುಂಬಿ, ಐಸಿನ ಡಬ್ಬಿಯಲ್ಲಿಟ್ಟು, ಆ ದಿನವೇ ಬಂದ ವ್ಯಾನಿಗೆ ಕೊಟ್ಟೆ. ಅಲ್ಲಿಂದ ಉತ್ತರ ಬರಲು ಹತ್ತು ದಿನ ಬೇಕು. ಆ ಹತ್ತು ದಿನ ನನಗೆ ಬೇಕಾಗಿದ್ದವು. ಹಾಲಿಗಲ್ಲ.

ನಾಲ್ಕು ದಿನ ಹಾಗೇ ನಡೆಯಿತು. ಆಕೆ ಬಂದು ಬಾಗಿಲಿಗೆ ಒರಗಿ ಮಾತಾಡುವಳು, ನಾನು ನಗುವೆನು, ಪಾತ್ರೆ ಹಿಡಿಯುವೆನು. ಆಕೆ ತಿರುವಿನಲ್ಲಿ ಮರೆಯಾದ ಮೇಲೆ ಹಾಲನ್ನು ಹಿತ್ತಲ ಮರಳಿಗೆ ಸುರಿಯುವೆನು. ಮರಳು ಹಾಲು ಕುಡಿಯಲು ತಡ ಮಾಡುತ್ತದೆ. ಬೆಳ್ಳಗೆ ನಿಂತಿರುತ್ತಿತ್ತು, ನಾನು ಕಾಲಿನಿಂದ ಮಣ್ಣು ಎಳೆಯುತ್ತಿದ್ದೆ.

ಐದನೆಯ ದಿನ ಆಕೆಯ ಕೈಯಲ್ಲಿ ಹಾಲಿನ ಕ್ಯಾನು ಇರಲಿಲ್ಲ. ಟವೆಲಿನಲ್ಲಿ ಕಟ್ಟಿದ ಗಂಟು ಇತ್ತು. ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಹಿಂಡಿಯ ತುಂಡುಗಳು.

"ಚಿಕ್ಕಿ ನಿಂತ ನಿಂತಲ್ಲೇ ತೂಗಾಕತ್ತೈತಿ ತಂಗಿ. ನಂಗ್ಯಾಕೋ ಈ ಹಿಂಡಿ ಮ್ಯಾಲ ಸಂಶೆ. ಇದನ್ನ ನೋಡು. ಇವತ್ತ ಬಾಲವಾಡಿಗೂ ಹಾಲು ಹಾಕಿಲ್ಲ. ಮನಸ ಬರಲಿಲ್ಲ."

"ಅಕ್ಕಾ, ನೋಡಿದರೆ..."

"ಗೊತ್ತೈತಿ. ನೀ ಚೀಟಿ ಬರದ್ರ ನಾ ಮಾತಾಡಂಗಿಲ್ಲ." ಆಕೆ ಸ್ಟೂಲು ಎಳೆದುಕೊಂಡು ಕೂತಳು. ಅಷ್ಟು ದಿನದಲ್ಲಿ ಕೋಣೆಯೊಳಗೆ ಕೂತದ್ದು ಅದೇ ಮೊದಲು. "ಅದಕ್ಕ ನೀ ಅರಕ್ಕೊಂತ ಇರು, ನಾ ಹೇಳ್ಕೊಂತ ಇರ್ತೀನಿ. ನನ್ನವು ಭಾಳ ಮಾತು ಉಳದಾವ."

ನಾನು ಹಿಂಡಿ ಅರೆದೆ. ಆಕೆ ಹೇಳಿದಳು. ಕಾರ್ತಿಕದವರೆಗೆ ಬೇಕಾಗುವಷ್ಟು ಮಾತನ್ನು ಒಟ್ಟಿಗೆ ಕೊಟ್ಟು ಹೋಗುವವಳ ಹಾಗೆ ಹೇಳಿದಳು. "ಬ್ಯಾಸಗ್ಯಾಗ ನಿನ್ನ ಈ ತಗಡು ಕಾಯ್ತೈತಿ, ಮ್ಯಾಲ ಜ್ವಾಳದ ದಂಟು ಹಾಸು. ಬೆನ್ನು ಹಿಡೀತು ಅಂದ್ರ ಎಕ್ಕಿ ಎಲಿ ಬಿಸಿ ಮಾಡಿ ಕಟ್ಟು. ಯುಗಾದಿಗೆ ಒಬ್ಬಾಕಿನೇ ಅಂತ ಅಡಗಿ ಬಿಡಬ್ಯಾಡ, ಒಂದ ಹೋಳಗಿ ಆದ್ರೂ ಮಾಡ್ಕೋ. ಮಾಡಿ ಉಣ್ಣು." ಆಮೇಲೆ ದನಿ ತಗ್ಗಿಸಿ, ತನ್ನ ಮೊದಲ ಮಗು ಎರಡು ವರ್ಷಕ್ಕೆ ಹೋದದ್ದನ್ನು ಹೇಳಿದಳು. ಅದನ್ನು ಯಾವತ್ತೂ ಹೇಳಿರಲಿಲ್ಲ. ಹೊಟ್ಟೆ ಉಬ್ಬಿ ಕಣ್ಣು ಹಳದಿಯಾಗಿತ್ತಂತೆ. "ಏನಾಗಿತ್ತು ಅಂತ ಯಾರೂ ಹೇಳಲಿಲ್ಲ ನಂಗ. ಹೇಳಾವ್ರ ಇರಲಿಲ್ಲ ಆಗ. ಈಗ ನೀ ಅದೀ."

ಸೋಸಿದ ನೀರು ಲೋಟದಲ್ಲಿ ತಯಾರಿತ್ತು. ನಾನು ಪಟ್ಟಿ ಕೈಯಲ್ಲಿ ಹಿಡಿದು ಅದ್ದದೆ ನಿಂತೆ.

"ಅಕ್ಕಾ, ನನಗೆ ಮೊದಲೇ ಗೊತ್ತಿತ್ತು."

"ಏನ?"

"ಹಾಲಿನಲ್ಲಿ ಇದೆ ಅಂತ. ಗುರುವಾರವೇ ನೋಡಿದೆ."

ಆಕೆ ಬೆರಳು ಮಡಚಿ ಎಣಿಸಿದಳು. ಗುರುವಾರ, ಶುಕ್ರವಾರ, ಶನಿವಾರ, ಐತವಾರ. ಐತವಾರದ ಮೇಲೆ ಬೆರಳು ನಿಂತಿತು. ಐತವಾರ ಬಾಲವಾಡಿಗೆ ರಜೆಯಾದರೂ ಆಕೆ ಆ ಮಕ್ಕಳ ಮನೆಗಳಿಗೆ ಹೋಗಿ ಹಾಲು ಹಾಕಿ ಬರುತ್ತಿದ್ದಳು.

"ಯಾಕ ಹೇಳಲಿಲ್ಲ?"

"ನೀವೂ ಮಾತು ಬಿಡುತ್ತೀರಿ ಅಂತ."

ಆಕೆ ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಾನೂ ಅದನ್ನೇ ಕುಡ್ದೀನಿ," ಅಂದಳು. "ನಿನಗೂ ದಿನಾ ತಂದ ಕೊಟ್ಟೀನಿ. ಅದನ್ನ ಏನ ಮಾಡಿದಿ?"

"ಚೆಲ್ಲಿದೆ."

"ನೀ ಚೆಲ್ಲಿದಿ."

ಆಕೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದಳು.

"ಚೀಟಿ ಬರಿ," ಅಂದಳು.

ಪಟ್ಟಿ ಅದ್ದಿದೆ. ಒಂದೇ ಗೆರೆ. ಬರೆದೆ. ಆಕೆ ತೆಗೆದುಕೊಂಡು ಹೋದಳು.

ಆ ಸಂಜೆಯೇ ಹಿಂಡಿಯ ಚೀಲಗಳು ಗುಂಡಿಗೆ ಹೋದವು. ಮುಂದಿನ ಐದು ದಿನ ಕರೆದ ಹಾಲನ್ನೆಲ್ಲ ಆಕೆ ಹುಣಸೆಮರದ ಬುಡಕ್ಕೆ ಸುರಿದಳು, ಬಾಲವಾಡಿಯಲ್ಲಿ ಮಕ್ಕಳು ರಾಗಿ ಗಂಜಿ ಕುಡಿದವು. ಬೆಳಿಗ್ಗೆ ನನ್ನ ಹೊಸ್ತಿಲ ಮೇಲೆ ಒಂದು ಸಣ್ಣ ಸೀಸೆ ಹಾಲು ಇರುತ್ತಿತ್ತು, ಪರೀಕ್ಷೆಗೆ ಸಾಲುವಷ್ಟು ಮಾತ್ರ. ಆರನೆಯ ದಿನ ಎರಡು ಗೆರೆ ಮೂಡಿತು. ನಾನು ಓಡಿಹೋಗಿ ಆಕೆಯ ಕೈಗೆ ಚೀಟಿ ಕೊಟ್ಟೆ. ಆಕೆ ಅದನ್ನು ಓದಿ, ಕ್ಯಾನು ಎತ್ತಿಕೊಂಡು ನನ್ನ ಪಕ್ಕದಿಂದ ಬಾಲವಾಡಿಯ ಕಡೆ ನಡೆದಳು. ನಗಲಿಲ್ಲ. ಮಾತು ಬಿಟ್ಟ ಊರಿನ ಎಲ್ಲರೂ ನಗುತ್ತಿದ್ದರು, ಆಕೆ ಮಾತ್ರ ನಗಲಿಲ್ಲ. ಪ್ರಯೋಗಾಲಯದ ಉತ್ತರ ಬಂದಾಗ ಅದರಲ್ಲಿ ನನಗೆ ಗೊತ್ತಿದ್ದದ್ದೇ ಇತ್ತು.

ಅಲ್ಲಿಂದ ಮುಂದಿನ ತಿಂಗಳುಗಳನ್ನು ಹೇಗೆ ಹೇಳುವುದೋ ತಿಳಿಯದು. ನಾನು ಬಾಲವಾಡಿಯ ಮುಂದೆ ಹಾಯುವಾಗ ಮಕ್ಕಳ ಕಣ್ಣು ನೋಡುತ್ತಿದ್ದೆ, ಹಳದಿಯಾಗಿದೆಯೇ ಎಂದು. ಏನೂ ಕಾಣುತ್ತಿರಲಿಲ್ಲ. ನಾಲ್ಕು ದಿನಕ್ಕೆ ಏನೂ ಆಗದಿರಬಹುದು. ಏನೂ ಆಗಲಿಲ್ಲ ಎಂದು ಹೇಳುವ ಪಟ್ಟಿ ಮಾತ್ರ ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಮಧ್ಯಾಹ್ನ ಔಷಧದ ಸೀಸೆಗಳ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಬೇಸಿಗೆಯಲ್ಲಿ ತಗಡು ಕಾದಾಗ ಅದರ ಮೇಲೆ ಜೋಳದ ದಂಟು ಹಾಸಿದೆ. ಯುಗಾದಿಗೆ ಒಂದು ಹೋಳಿಗೆ ಮಾಡಿದೆ. ತಿನ್ನಲು ಆಗಲಿಲ್ಲ. ಎರಡು ಸಲ ವರ್ಗಾವಣೆಗೆ ಅರ್ಜಿ ಬರೆದು ಹರಿದು ಹಾಕಿದೆ. ಹೋಗಿಬಿಟ್ಟರೆ ಆಕೆಯ ಆ ಮೌನ ಹಾಗೇ ಉಳಿದುಬಿಡುತ್ತದಲ್ಲ ಎಂದು ಹೆದರಿಕೆ.

ಮುಂದಿನ ಸುಗ್ಗಿ ಚೆನ್ನಾಗಿ ಬಂತು. ಮೊದಲ ಗಾಡಿ ಊರೊಳಗೆ ಬಂದ ದಿನ ಬೀದಿಗೆ ಬೀದಿಯೇ ನನ್ನ ಬಾಗಿಲಲ್ಲಿ ನೆರೆಯಿತು. ಎಲ್ಲರೂ ಒಟ್ಟಿಗೇ ಮಾತಾಡಿದರು. ಖಾಜಾಬಿ ಬಂದವಳೇ ನನ್ನ ತೋಳು ಹಿಡಿದು ತಿರುಗಿಸಿ, "ಸಡ್ಲ ಆಗೇತಲ್ರಿ! ನನ್ನ ಕೈ ತಪ್ಪಲ್ಲ, ನೀವ ಸೊರಗೀರಿ" ಅಂದಳು. ಮುರಿಗೆಪ್ಪ ಅಂಗಡಿ ಬಿಟ್ಟು ಬಂದು ಒಂದು ತಾಸು ಕೂತು, ಬೆಕ್ಕು ನಾಲ್ಕು ಮರಿ ಹಾಕಿದ್ದನ್ನು ಹೇಳಿದ. ಅಷ್ಟು ಮಾತು ಒಮ್ಮೆಗೇ ಕೇಳಿ ನನಗೆ ತಲೆ ಸುತ್ತಿತು. ಎಲ್ಲರ ತಲೆಗಳ ಮೇಲಿಂದ ನಾನು ಬೀದಿಯ ತಿರುವನ್ನೇ ನೋಡುತ್ತಿದ್ದೆ. ನೀಲಗಂಗವ್ವ ಬರಲಿಲ್ಲ. ಮರುದಿನವೂ ಬರಲಿಲ್ಲ.

ಹದಿನಾರು ದಿನ ಕಾದೆ. ಹದಿನೇಳನೆಯ ದಿನ ಬೆಳಿಗ್ಗೆ ನಾನೇ ಆಕೆಯ ಕೊಟ್ಟಿಗೆಗೆ ಹೋದೆ. ಆಕೆ ಸೆಗಣಿ ಬಾಚುತ್ತಿದ್ದಳು. ನನ್ನನ್ನು ನೋಡಿ ಪೊರಕೆ ನಿಲ್ಲಿಸಲಿಲ್ಲ. ಚಿಕ್ಕಿ ಇರಲಿಲ್ಲ, ಅದು ಇದ್ದ ಗೂಟ ಖಾಲಿಯಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಆ ಗೂಟ ನೋಡಿ ಬಾಗಿಲಲ್ಲೇ ನಿಂತೆ.

ಸೆಗಣಿಯೆಲ್ಲ ಬುಟ್ಟಿಗೆ ತುಂಬಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡ ಮೇಲೆ ಆಕೆ ಮೂಲೆಯ ಕಡೆ ಗದ್ದ ಎತ್ತಿದಳು. ಅಲ್ಲಿ ಆರು ಚೀಲಗಳಿದ್ದವು.

"ನಿನ್ನೆ ಇಳಿಸ್ಯಾರ," ಅಂದಳು. "ನೋಡಸದ ಒಂದ ತುಣುಕೂ ಹಾಕಿಲ್ಲ."

"ನೋಡುತ್ತೇನೆ ಅಕ್ಕಾ."

"ಯಾವತ್ತ ಹೇಳ್ತಿ?"

"ಇವತ್ತೇ."

"ಏನ ಬಂದ್ರೂ?"

"ಏನೇ ಬಂದರೂ."

ಆಕೆ ದಾರಿ ಬಿಟ್ಟಳು. ನಾನು ಕೋಣೆಗೆ ಹೋಗಿ ಕೊಳವೆ ತಂದು ಆರೂ ಚೀಲಗಳಿಗೆ ಹತ್ತತ್ತು ಕಡೆ ಚುಚ್ಚಿದೆ. ಹಿಂಡಿ ಬಣ್ಣದಲ್ಲಿ ಚೆನ್ನಾಗಿತ್ತು, ವಾಸನೆಯೂ ಚೆನ್ನಾಗಿತ್ತು. ಹೊಸ ಶೇಂಗಾದ್ದಿರಬೇಕು ಅಂದುಕೊಂಡೆ, ಹಾಗೆಂದು ಬೇಡಿಕೊಂಡೆ. ಕೋಣೆಗೆ ಬಂದು ಆರೂ ಚೀಲದ್ದನ್ನು ಒಟ್ಟಿಗೆ ಅರೆದೆ, ಕಲಕಿದೆ, ಸೋಸಿದೆ. ಮಧ್ಯಾಹ್ನ ಒಂದು ಗಂಟೆಗೆ ಮೊದಲ ಪಟ್ಟಿ ಅದ್ದಿದೆ. ಎರಡು ಗಂಟೆಗೆ ಮೂರನೆಯದು. ಗಾಣದವನು ಹೋದ ವರ್ಷದ ಸರಕನ್ನು ಈ ವರ್ಷದ್ದರ ಜೊತೆ ಕಲಸಿದ್ದಿರಬೇಕು. ಮೂರರಲ್ಲೂ ಒಂದೇ ಗೆರೆ.

ಒಂದು ಲೋಟ ನೀರು ಕುಡಿದೆ. ಚೀಟಿ ಬರೆದೆ. ಶಾಯಿ ಆರುವ ಮುಂಚೆಯೇ ಬಾಗಿಲು ಎಳೆದುಕೊಂಡು ಹೊರಟೆ.

ಆಕೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ನಾನು ಹತ್ತಿರ ಹೋಗಿ, "ಬೇಡ ಅಕ್ಕಾ. ಒಂದು ಚೀಲವೂ ಬೇಡ" ಅಂದೆ. ಚೀಟಿ ಕೊಟ್ಟೆ. ಆಕೆ ತೆಗೆದುಕೊಂಡು ಸೂರ್ಯನ ಕಡೆ ಮುಖ ಎತ್ತಿ ಹೊತ್ತು ನೋಡಿದಳು. ಇನ್ನೂ ಮೂರು ಗಂಟೆಯಾಗಿರಲಿಲ್ಲ. ಏನೋ ಹೇಳಲು ಬಾಯಿ ತೆರೆದವಳು ಕೈಯಲ್ಲಿದ್ದ ಚೀಟಿಯನ್ನು ನೋಡಿ ತುಟಿ ಮುಚ್ಚಿಕೊಂಡಳು. ಮುಂದಿನ ಕಾರ್ತಿಕದವರೆಗೆ ಅದು ಒಳಗೇ ಇರಬೇಕು. ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಟ್ಟೆಯ ಮೇಲೆ ಒಂದಿಷ್ಟು ಆಚೆ ಸರಿದಳು. ನಾನು ಕೂತೆ.

ಬಿಸಿಲು ಇಳಿಯುವವರೆಗೆ ಹಾಗೇ ಕೂತಿದ್ದೆವು. ದಾರಿಯಲ್ಲಿ ಹೋಗುವವರು ನನ್ನನ್ನು ಮಾತಾಡಿಸಿದರು, ನಾನು ಉತ್ತರ ಕೊಟ್ಟೆ. ಎಮ್ಮೆಗಳು ಕೆರೆಯಿಂದ ಬಂದವು. ಆಕೆ ಎದ್ದು ಕರು ಬಿಟ್ಟು, ಎರಡು ಚರಿಗೆ ತೊಳೆದು ತಂದಳು. ಒಂದನ್ನು ನನ್ನ ಮುಂದೆ ಹಿಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಒಂದು ಎಮ್ಮೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ. ನನಗೆ ಹಾಲು ಕರೆಯಲು ಬರುತ್ತಿರಲಿಲ್ಲ. ಆಕೆ ಬಗ್ಗಿ, ಎಣ್ಣೆ ಹಚ್ಚಿದ ಕೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸರಿಯಾದ ಜಾಗದಲ್ಲಿ ಇಟ್ಟಳು.